ಗದ್ದೆಯ ಬದುವಿನಿಂದ ಹನ್ನೆರಡು ನಿಮಿಷ

ನಂಜನಗೂಡಿನ ನಮ್ಮ ಸ್ಟುಡಿಯೋದಿಂದ ಇನ್ನೂರಕ್ಕೂ ಹೆಚ್ಚು ಮದುವೆಗಳನ್ನು ನೇರಪ್ರಸಾರ ಮಾಡಿದ್ದೇವೆ. ಕ್ಯಾಮೆರಾ ಜೊತೆಗಾರ ಮಾದೇಶನದು, ಲ್ಯಾಪ್‌ಟಾಪ್ ನನ್ನದು. ಧಾರೆಯ ಹೊತ್ತಿಗೆ ಸಿಗ್ನಲ್ ಹೋದರೆ ದೂರದಲ್ಲಿ ಕುಳಿತ ನೆಂಟರಿಗೆ ಏನು ಹೇಳುವುದು ಎಂಬ ಭಯದಿಂದ ನಾನು ಯಾವಾಗಲೂ ಎರಡು ಕಂಪನಿಯ ಸಿಮ್, ಮೂರು ಬ್ಯಾಟರಿ ಇಟ್ಟುಕೊಂಡೇ ಹೊರಡುವವಳು. ಆ ಸೆಪ್ಟೆಂಬರಿನ ಬೆಳಿಗ್ಗೆ ತಿ. ನರಸೀಪುರದ ಹೊರಗಿನ ಗದ್ದೆಯಲ್ಲಿ ಮೂರಲ್ಲ, ಐದು ಬ್ಯಾಟರಿ ಇದ್ದವು. ಆದರೂ ಮತ್ತೆ ಮತ್ತೆ ಎಣಿಸುತ್ತಿದ್ದೆ.

ಅಂದು ಮದುವೆ ಇರಲಿಲ್ಲ. ದೇಶಮಟ್ಟದ ತಂತ್ರಜ್ಞಾನ ಮೇಳವೊಂದರ ಕೊನೆಯ ಸುತ್ತು. ಹೈದರಾಬಾದಿನಲ್ಲಿ ಕುಳಿತ ತೀರ್ಪುಗಾರರು ಇಪ್ಪತ್ತು ಊರುಗಳ ಪ್ರಾತ್ಯಕ್ಷಿಕೆಯನ್ನು ಒಂದಾದ ಮೇಲೊಂದರಂತೆ ನೇರಪ್ರಸಾರದಲ್ಲೇ ನೋಡುತ್ತಿದ್ದರು. ಜೊತೆಗೆ ಎಂಬತ್ತು ಸಾವಿರ ಜನ. ಹದಿನಾಲ್ಕನೆಯ ಸರದಿ ಕವಲಂದೆಯ ಕೋಮಲಳದು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಮೊದಲ ಬೆಂಚಿನಲ್ಲಿ ಕೂತು ಪ್ರಶ್ನೆ ಕೇಳಿ ಕೇಳಿ ನನ್ನನ್ನು ಸುಸ್ತು ಮಾಡಿದ್ದ ಹುಡುಗಿ. ನಿಂತ ನೀರಿನಲ್ಲಿ ಭತ್ತದ ಸಾಲುಗಳ ನಡುವೆ ಓಡಾಡಿ, ಕಳೆ ಯಾವುದು ಪೈರು ಯಾವುದು ಎಂದು ನೋಡಿ, ಕಳೆಯನ್ನು ಮಾತ್ರ ಕೀಳುವ ಪುಟ್ಟ ಯಂತ್ರವನ್ನು ಎರಡು ವರ್ಷ ಕೂತು ಮಾಡಿದ್ದಳು.

ಅವಳಿಗೆ ಸಿಗುವುದು ಹನ್ನೆರಡು ನಿಮಿಷ. ಚಿತ್ರ ನೇರವಾಗಿಯೇ ಬರುತ್ತಿರಬೇಕು. ಮೊದಲೇ ತೆಗೆದ ವಿಡಿಯೋ ಎಂಬ ಅನುಮಾನ ಬಂದರೆ ಸ್ಪರ್ಧೆಯಿಂದ ಹೊರಗೆ. ಬೆಳಿಗ್ಗೆಯೇ ಒಬ್ಬನನ್ನು ಹಾಗೆ ಕಳಿಸಿದ್ದನ್ನು ನಾವೆಲ್ಲ ನೋಡಿದ್ದೆವು. ಆಗಿನಿಂದ ಕೋಮಲ ನೀರು ಕೂಡ ಕುಡಿದಿರಲಿಲ್ಲ. “ಮೇಡಂ, ನನ್ನ ಮಿಷನ್ನು ಕೈಕೊಡಲ್ಲ. ನಿಮ್ಮ ನೆಟ್‌ವರ್ಕ್ ನೋಡ್ಕಳಿ,” ಎಂದಷ್ಟೇ ಹೇಳಿ ಪ್ಯಾಂಟ್ ಮಡಚಿ ಕೆಸರಿಗೆ ಇಳಿದಳು.

ತೀರ್ಪುಗಾರರ ಜೊತೆ ಮಾತಾಡುವ ಫೋನ್ ನನ್ನ ಕಿವಿಯಲ್ಲಿರಬೇಕಾಗಿದ್ದರಿಂದ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಲ್ಯಾಪ್‌ಟಾಪಿನ ಮುಂದೆ ಮಾದೇಶನನ್ನು ಕೂರಿಸಿದೆ. ಇನ್ನೊಂದು ಫೋನಿನಲ್ಲಿ, ಹೊರಗಿನವರಿಗೆ ನಮ್ಮ ಚಿತ್ರ ಹೇಗೆ ಕಾಣುತ್ತಿದೆ ಎಂದು ನೋಡುತ್ತಿದ್ದೆ. ಇಲ್ಲಿ ನಡೆದದ್ದು ಅಲ್ಲಿ ಕಾಣುವುದಕ್ಕೆ ಇಪ್ಪತ್ತು ಸೆಕೆಂಡ್ ಬೇಕು.

ಹನ್ನೊಂದೂ ಹತ್ತಕ್ಕೆ ಶುರುವಾಯಿತು. ಯಂತ್ರ ಮೊದಲ ಸಾಲು ಹಿಡಿದು ಹೊರಟಿತು. ಒಂದು ಕಳೆ, ಎರಡು, ಮೂರು. ಭತ್ತದ ಒಂದು ಗರಿಯೂ ಮುರಿಯಲಿಲ್ಲ. ಬದುವಿನ ಮೇಲೆ ಸೇರಿದ್ದ ನೂರಾರು ಜನ ಸಿಳ್ಳೆ ಹಾಕಿದರು. ಗದ್ದೆಯ ಯಜಮಾನ ಬೆಟ್ಟಯ್ಯನವರಂತೂ ಕಿತ್ತ ಕಳೆಯನ್ನು ಎತ್ತಿ ಬೇರನ್ನೇ ಪರೀಕ್ಷಿಸುತ್ತಿದ್ದರು. ನನ್ನ ಎದೆ ಹಗುರವಾಗತೊಡಗಿತ್ತು.

ನಾಲ್ಕನೆಯ ನಿಮಿಷದಲ್ಲಿ ನನ್ನ ಫೋನಿನ ಪರದೆಯ ಮೇಲೆ ಗದ್ದೆ ಮಾಯವಾಯಿತು. ಅದರ ಜಾಗದಲ್ಲಿ ಮಲ್ಲಿಗೆ ಹಾರದ ಚೌಕಟ್ಟು, ಬಂಗಾರದ ಬಣ್ಣದಲ್ಲಿ ‘ಶುಭ ವಿವಾಹ’, ನಡುವೆ ನಗುತ್ತಿರುವ ಕಿರಣ್ ಮತ್ತು ಸುನೀತಾ. ಹಿಂದಿನ ಭಾನುವಾರ ನಾವು ಪ್ರಸಾರ ಮಾಡಿದ್ದ ಜೋಡಿ.

ನಾನು ಓಡಿದೆ. ಮಾದೇಶನ ಮುಖ ಬಿಳಿಚಿಕೊಂಡಿತ್ತು. “ಅಕ್ಕ, ಸಿಗ್ನಲ್ ಬಿದ್ದೋಯ್ತು. ಪರದೆ ಕಪ್ಪಾಗ್ಬಾರ್ದು ಅಂತ ಎರಡನೇ ಬಟನ್ ಒತ್ಬುಟ್ಟೆ.”

ಮದುವೆಮನೆಯಲ್ಲಿ ಅದೇ ನಮ್ಮ ಪದ್ಧತಿ. ಸಿಗ್ನಲ್ ಕುಸಿದರೆ ಗಂಡು ಹೆಣ್ಣಿನ ಫೋಟೋ ಹಾಕುತ್ತೇವೆ. ಅಲುಗಾಡದ ಚಿತ್ರವಾದ್ದರಿಂದ ಸಣ್ಣ ಸಿಗ್ನಲ್ಲೂ ಅದನ್ನು ಹೊತ್ತು ಸಾಗುತ್ತದೆ, ನೋಡುವವರೂ ಬೇಸರಪಡುವುದಿಲ್ಲ. ಅವನ ಬೆರಳು ತಾನಾಗಿ ಅಲ್ಲಿಗೆ ಹೋಗಿತ್ತು. ಧ್ವನಿ ಮಾತ್ರ ಹೋಗುತ್ತಲೇ ಇತ್ತು. ಎಂಬತ್ತು ಸಾವಿರ ಜನ ವಧೂವರರ ಫೋಟೋ ನೋಡುತ್ತಾ, ಕಳೆಯ ಬೇರು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬ ಕೋಮಲಳ ವಿವರಣೆ ಕೇಳುತ್ತಿದ್ದರು.

ಎರಡೂ ಸಿಮ್ ಒಟ್ಟಿಗೆ ಬೀಳಲು ಕಾರಣವೇನು? ತಲೆಯೆತ್ತಿ ನೋಡಿದೆ. ಬದುವಿನ ಉದ್ದಕ್ಕೂ ಜನ. ಎಲ್ಲರೂ ತಲೆ ತಗ್ಗಿಸಿಕೊಂಡಿದ್ದರು. ಎದುರಿಗೇ ಇರುವ ಯಂತ್ರವನ್ನು ಒಬ್ಬರೂ ನೋಡುತ್ತಿರಲಿಲ್ಲ. ತಮ್ಮ ತಮ್ಮ ಫೋನಿನಲ್ಲಿ ನೋಡುತ್ತಿದ್ದರು. ಮದುವೆಯ ಲಿಂಕ್ ಹಂಚುವಂತೆಯೇ ಮಾದೇಶ ಹಿಂದಿನ ದಿನ ಸುತ್ತಲಿನ ಊರಿನ ಗುಂಪುಗಳಿಗೆಲ್ಲ ‘ತಪ್ಪದೆ ವೀಕ್ಷಿಸಿ, ಹರಸಿ’ ಎಂದು ಕಳಿಸಿದ್ದ. ಎರಡೂ ಕಂಪನಿಗೆ ಇದ್ದ ಒಂದೇ ಟವರನ್ನು ನಾವೇ ಕುಡಿದು ಖಾಲಿ ಮಾಡಿದ್ದೆವು.

ಅಷ್ಟರಲ್ಲಿ ಕಿವಿಯಲ್ಲಿ ತೀರ್ಪುಗಾರರಲ್ಲೊಬ್ಬ ಮಹಿಳೆಯ ದನಿ. ಇದೇನು, ಈವರೆಗೆ ತೋರಿಸಿದ್ದೂ ಹಳೆಯ ವಿಡಿಯೋವೇ ಎಂದು ಆಕೆ ಇಂಗ್ಲಿಷಿನಲ್ಲಿ ಶಾಂತವಾಗಿ ಕೇಳಿದರು. ಆ ಶಾಂತಿಯೇ ಹೆದರಿಸಿತು. ಎರಡು ನಿಮಿಷದೊಳಗೆ ಚಿತ್ರ ಬರದಿದ್ದರೆ ಮುಂದಿನವರನ್ನು ಕರೆಯುತ್ತೇವೆ ಎಂದರು.

ಬೆಟ್ಟಯ್ಯನವರ ಹತ್ತಿರ ಓಡಿ, ಎಲ್ಲರ ಫೋನೂ ಆಫ್ ಆಗಬೇಕು, ನಿಮ್ಮ ಮಾತಾದರೆ ಕೇಳುತ್ತಾರೆ ಎಂದೆ. ಅವರು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದರು.

“ಲೇ, ಫೋನ್ ಆಫ್ ಮಾಡ್ರಲಾ! ಮಿಷನ್ನು ಮುಂದ್ಗಡೆನೇ ಅದೆ, ಕಣ್ಣಿಲ್ವಾ ನಿಮ್ಗೆ?”

ನಗುತ್ತಲೇ ಒಬ್ಬೊಬ್ಬರಾಗಿ ಫೋನ್ ಆಫ್ ಮಾಡಿದರು. ನಾನು ಚಿತ್ರದ ಸ್ಪಷ್ಟತೆಯನ್ನು ಅರ್ಧಕ್ಕಿಂತ ಕೆಳಕ್ಕೆ ಇಳಿಸಿದೆ. ಹೀಗೆ ಮಸುಕಾಗಿ ತೋರಿಸಿದರೆ ಸ್ಟುಡಿಯೋ ಮರ್ಯಾದೆ ಏನಾಗುತ್ತದೆ ಎಂದು ಮಾದೇಶ ಗೊಣಗಿದ. ಮರ್ಯಾದೆಯನ್ನು ಭಾನುವಾರದ ಮದುವೆಯಲ್ಲಿ ನೋಡಿಕೊಳ್ಳೋಣ ಎಂದೆ. ಅವನು ಒಂದನೇ ಬಟನ್ ಒತ್ತಿದ. ಇಪ್ಪತ್ತು ಸೆಕೆಂಡಿನ ನಂತರ ಸುನೀತಾಳ ನಗು ಹೋಗಿ, ಮಂಜು ಮುಸುಕಿದಂಥ ಗದ್ದೆ ಬಂತು.

ಇದೂ ಹಳೆಯದಲ್ಲ ಎಂದು ಹೇಗೆ ನಂಬುವುದು, ಆಕೆ ಕೇಳಿದರು. ಉಪಾಯವನ್ನೂ ಆಕೆಯೇ ಹೇಳಿದರು: ಅಲ್ಲಿ ಕೆಂಪು ಟವೆಲ್ ಹೊದ್ದ ಹಿರಿಯರಿದ್ದಾರಲ್ಲ, ಅವರು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿಯಲಿ.

ಬೆಟ್ಟಯ್ಯನವರಿಗೆ ಹೇಳಿದೆ. ಹಿಡಿದರು.

“ಕಾಣ್ತಂತಾ ಅವ್ವ?”

“ಇನ್ನೂ ಇಲ್ಲ. ಇಳಿಸ್ಬೇಡಿ.”

ಐದು ಸೆಕೆಂಡ್. ಹತ್ತು. ಕೋಮಲ ಕೆಸರಿನಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು; ಅವಳ ಹಿಂದೆ ಯಂತ್ರ ಇದಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಕಳೆ ಕೀಳುತ್ತಲೇ ಇತ್ತು. ಹದಿನೈದು. ಫೋನಿನ ಪರದೆಯಲ್ಲಿ ಬೆಟ್ಟಯ್ಯನವರ ಕೈ ಇನ್ನೂ ಕೆಳಗೇ ಇತ್ತು. ಹತ್ತೊಂಬತ್ತು. ಮಸುಕಿನೊಳಗೆ ಒಂದು ಕೆಂಪು ಚುಕ್ಕಿ ಮೇಲೆದ್ದಿತು.

ಕಿವಿಯಲ್ಲಿ ನಗು ಕೇಳಿಸಿತು. ತೀರ್ಪುಗಾರರು ನೇರಪ್ರಸಾರವನ್ನು ಒಪ್ಪಿದರು. ಫೋಟೋ ತಿಂದ ಸಮಯವನ್ನು ಮರಳಿ ಕೊಡಲಾಗದು, ಉಳಿದ ಐದು ನಿಮಿಷದಲ್ಲಿ ಪೂರ್ತಿ ತೋರಿಸಿ ಎಂದರು. ಆಮೇಲೆ ದನಿ ತಗ್ಗಿಸಿ, ಫೋಟೋದಲ್ಲಿದ್ದವರ ಹಾಗೆ ಈ ಹುಡುಗಿಗೂ ಮದುವೆಯೇ ಎಂದು ಕೇಳಿದರು.

“ಶುರು ಮಾಡು ಕೋಮಲ,” ಎಂದು ಕೂಗಿದೆ. ನನ್ನ ದನಿ ಅಷ್ಟು ಜೋರಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಅವಳು ಯಂತ್ರವನ್ನು ಅತಿ ಕಷ್ಟದ ಸಾಲಿಗೆ, ಭತ್ತದಂತೆಯೇ ಕಾಣುವ ಕಳೆ ಬೆಳೆದಿದ್ದ ಮೂಲೆಗೆ ತಿರುಗಿಸಿದಳು. ಅದು ಒಂದು ಗಳಿಗೆ ನಿಂತಿತು. ನೋಡಿತು. ಪೈರನ್ನು ಬಿಟ್ಟು ಕಳೆಯನ್ನು ಕಿತ್ತಿತು. ಈ ಸಲ ನೂರಾರು ಜನ ಕಣ್ಣಾರೆ ಕಂಡು ಕೂಗಿದರು. ಆ ಕೂಗು ಹೈದರಾಬಾದನ್ನು ಮುಟ್ಟುವುದಕ್ಕೆ ಇಪ್ಪತ್ತು ಸೆಕೆಂಡ್ ಹಿಡಿಯಿತು.

ಮುಗಿದಾಗ ಕೋಮಲ ಕೆಸರಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. ಅವಳ ಭುಜದ ಮೇಲಿಂದ ನೋಡಿದರೆ ಬೆಟ್ಟಯ್ಯನವರು ಇನ್ನೂ ಟವೆಲ್ ಎತ್ತಿಕೊಂಡೇ ನಿಂತಿದ್ದರು. ಇಳಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.