ಸಿಡಿಲಪ್ಪನ ಮುಖ

ಇಳಕಲ್ಲಿನ ಆಫ್ರೀನ ಹುನಗುಂದದ ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ದಿನಾ ಬಸ್ಸಿನಲ್ಲಿ ಕಾಣುವ ಜನಕ್ಕೆ ಆಕೆ ಬರೀ ಡ್ರಾಯಿಂಗ್ ಟೀಚರ್. ಮೊಬೈಲಿನಲ್ಲಿ ಕನ್ನಡ ಕಾಮಿಕ್ಸ್ ಓದುವ ಹುಡುಗ ಹುಡುಗಿಯರಿಗೆ ಮಾತ್ರ ಆಕೆ ‘ಕೆಂಗಲ್ಲಿನ ಮಕ್ಕಳು’ ಬರೆಯುವ ಆಫ್ರೀನಕ್ಕ. ಕೆಂಪು ಬಂಡೆಯನ್ನು ಸೀಳಿಕೊಂಡು ಹುಟ್ಟಿದ ಅಣ್ಣ-ತಂಗಿಯರ ಕಥೆ ಅದು. ಅಣ್ಣ ಸಿಡಿಲಪ್ಪ, ಒಂದೇ ಗುದ್ದಿಗೆ ಕೋಟೆಯ ಬಾಗಿಲು ಒಡೆಯುವವನು. ತಂಗಿ ಮಿಂಚವ್ವ, ರೆಪ್ಪೆ ಬಡಿಯುವಷ್ಟರಲ್ಲಿ ಗುಡ್ಡದಿಂದ ಗುಡ್ಡಕ್ಕೆ ಹಾರುವವಳು. ಚಿತ್ರವೆಲ್ಲ ಆಫ್ರೀನಳದು. ಅದಕ್ಕೆ ಮಾತು ಬರೆದು, ವಾರವಾರವೂ ಕಂತನ್ನು ಜಾಲತಾಣಕ್ಕೆ ಏರಿಸುತ್ತಿದ್ದವನು ಬಾಗಲಕೋಟೆಯ ನವನಗರದಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದ ಚೇತನಕುಮಾರ. ಆಕೆಗಿಂತ ನಾಲ್ಕಾರು ವರ್ಷ ಚಿಕ್ಕವನು.

ಹೋದ ವರ್ಷ ಮಿಂಚವ್ವ ಕಾಳಭೂಪ ಎಂಬ ದೊರೆಯ ಸೆರೆಗೆ ಬಿದ್ದಳು. ಅವನು ಅವಳನ್ನು ಕಂಬಕ್ಕೆ ಕಟ್ಟಿ ಬಡಿದ. ಆ ವಾರ ಓದುಗರು ಉರಿದೆದ್ದರು. ‘ನಮ್ಮ ತಂಗಿನ್ನ ಮುಟ್ಟಿದವನ ಕೈ ಕಡೀರಿ’ ಎಂದು ಬರೆದವರೆಷ್ಟೋ, ಅತ್ತುಬಿಟ್ಟೆವು ಎಂದು ಬರೆದವರೆಷ್ಟೋ. ಆದರೆ ಮಿಂಚವ್ವ ತಾನಾಗಿಯೇ ಹಗ್ಗ ಹರಿದುಕೊಂಡು ಬಂದು ಕಾಳಭೂಪನ ಎರಡೂ ಕೈ ಮುರಿದ ವಾರ, ಅದೇ ಜನರಲ್ಲಿ ಅರ್ಧದಷ್ಟು ಮಂದಿ ಮುಖ ತಿರುಗಿಸಿದರು. ಹೆಣ್ಣುಮಗಳಿಗೆ ಇಷ್ಟು ಸಿಟ್ಟು ಬೇಕಿತ್ತೇ, ಮೊದಲಿನ ಮಿಂಚವ್ವನೇ ಚೆಂದಿದ್ದಳು ಎಂದರು. ಆಫ್ರೀನಳಿಗೆ ಕಸಿವಿಸಿಯಾಯಿತು. ಆದರೂ ಮುಂದಿನ ಕಂತು ತಲೆಯಲ್ಲಿ ಓಡುತ್ತಿದ್ದುದರಿಂದ ಸುಮ್ಮನಾದಳು.

ಈ ವರ್ಷ ಸಿಡಿಲಪ್ಪನ ಪಾಳಿ. ಇರುಳಾದೇವಿ ಎಂಬ ರಾಣಿ ಅವನ ಊರಿನ ಮಕ್ಕಳನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದಳು. ಅವನು ಒಮ್ಮೆ ಕೈ ಎತ್ತಿದರೂ ಆ ಮಕ್ಕಳ ಜೀವ ಹೋಗುತ್ತಿತ್ತು. ಹಾಗಾಗಿ ಬಾಗಿಲು ಒಡೆಯುವ ಆ ಮನುಷ್ಯ ಮಂಡಿಯೂರಿ ಕುಳಿತು ಹೊಡೆಸಿಕೊಂಡ, ಬರೆ ಹಾಕಿಸಿಕೊಂಡ. ಈ ಕಂತಿಗಾಗಿ ಆಫ್ರೀನ ಉಳಿದೆಲ್ಲ ಕಂತುಗಳಿಗಿಂತ ಹೆಚ್ಚು ದುಡಿದಿದ್ದಳು.

ಕಂತು ಹೊರಬಿದ್ದ ಮೇಲೆ ಮೊಬೈಲು ತೆರೆದರೆ ಎಲ್ಲಿ ನೋಡಿದರೂ ನಗು. ‘ಪೈಲವಾನಗ ತಕ್ಕ ಹೆಂಡ್ತಿ ಸಿಕ್ಕಳು.’ ‘ಇಂಥಾ ರಾಣಿ ಆದ್ರ ನಾನೂ ಸೆರಿ ಆಗ್ತೇನಿ.’ ‘ಕೋಟಿ ಬಾಗ್ಲಾ ಒಡದಾವ ಸೀರಿಗೆ ಹೆದರಿದ.’

ಚೇತನಕುಮಾರ ಫೋನು ಮಾಡಿದ. “ಅಕ್ಕಾ, ಮಂದಿಗೆ ಭಾಳ ಖುಷಿ ಆಗೇತಿ. ಹಂಚಿಕೊಳ್ಳಾಕತ್ತಾರ. ಮುಂದಿನ ವಾರ ಸ್ವಲ್ಪ ಕಾಮಿಡಿನ ಮಾಡೂಣು?”

“ಮಿಂಚವ್ವನ್ನ ಬಡದಾಗ ಕಾಮಿಡಿ ಮಾಡೂಣು ಅಂದಿದ್ದೇನು ನೀ?”

“ಅದು ಬ್ಯಾರೆ ಅಲ್ಲೇನ್ ಅಕ್ಕಾ?”

“ಹೆಂಗ ಬ್ಯಾರೆ?”

ಚೇತನಕುಮಾರ ಕೆಟ್ಟವನಲ್ಲ. ಆ ಪ್ರಶ್ನೆ ಅವನಿಗೆ ಅದುವರೆಗೆ ಬಂದೇ ಇರಲಿಲ್ಲ, ಅಷ್ಟೆ.

ಮುಂದಿನ ಭಾನುವಾರ ಬಾಗಲಕೋಟೆಯಲ್ಲಿ ಓದುಗರ ಕೂಟವಿತ್ತು. ಬಾಡಿಗೆಗೆ ಹಿಡಿದಿದ್ದ ಸಭಾಂಗಣ ಹುಡುಗ ಹುಡುಗಿಯರಿಂದ ತುಂಬಿತ್ತು. ಕೆಲವರು ಪಾತ್ರಗಳ ವೇಷ ಹಾಕಿಕೊಂಡೇ ಬಂದಿದ್ದರು. ಅವರಲ್ಲಿ ಎಲ್ಲರ ಕಣ್ಣು ಕೆರೂರಿನ ಹುಲ್ಲಪ್ಪನ ಮೇಲೆ. ಅವನು ಖರೆ ಪೈಲವಾನ. ಕೆರೂರಿನ ಗರಡಿಮನೆಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದವನು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಬಣ್ಣ ಬಳಿದ ಥರ್ಮೋಕೋಲಿನ ಗದೆ. ಬಾಗಿಲಲ್ಲಿ ನಿಂತರೆ ಬೆಳಕೇ ಮರೆಯಾಗುತ್ತಿತ್ತು. ಕೂಟ ನಡೆದಾಗೆಲ್ಲ ಅವನೇ ಸಿಡಿಲಪ್ಪ. ಮಾತು ಕಡಿಮೆ, ಫೋಟೋಕ್ಕೆ ಕರೆದರೆ ಬಂದು ನಿಲ್ಲುತ್ತಿದ್ದ.

ಚೇತನಕುಮಾರ ಪರದೆಯ ಮೇಲೆ ಹೊಸ ಕಂತಿನ ಪುಟ ತೋರಿಸಿದ. ಸಿಡಿಲಪ್ಪ ಮಂಡಿಯೂರಿದ್ದ, ರಾಣಿಯ ಚಾವಟಿ ಮೇಲೆದ್ದಿತ್ತು. ಸಭೆ ನಕ್ಕಿತು. ಹಿಂದಿನ ಸಾಲಿನಿಂದ ಯಾರೋ ಹುಲ್ಲಪ್ಪನತ್ತ ಕೂಗಿದರು: “ಸಿಡಿಲಪ್ಪಾ, ರಾಣಿ ಕರಿಯಾಕತ್ತಾಳ, ಹೋಗಲೇ!” ನಗು ಇಮ್ಮಡಿಯಾಯಿತು. ಆಫ್ರೀನಳ ಕಿವಿ ಬಿಸಿಯಾದವು. ಏನಾದರೂ ಹೇಳಬೇಕೆಂದು ಆಕೆ ಏಳುವಷ್ಟರಲ್ಲಿ ಹುಲ್ಲಪ್ಪ ಗದೆಯನ್ನು ಗೋಡೆಗೆ ಆನಿಸಿಟ್ಟು ವೇದಿಕೆಗೆ ನಡೆದುಬಂದ. ಮೈಕು ಅವನ ಕೈಯಲ್ಲಿ ಬೆರಳಷ್ಟು ಕಂಡಿತು. ಇನ್ನೇನು ಸಿಡಿಲಪ್ಪನ ಗರ್ಜನೆ ಕೇಳಬಹುದೆಂದು ಹುಡುಗರು ಸಿಳ್ಳೆ ಹಾಕಿದರು.

“ನಂದು ಲಗ್ನ ಆಗಿತ್ತು” ಎಂದ ಅವನು. “ಎರಡ ವರ್ಷ ಇತ್ತು ಸಂಸಾರ. ನನ್ನ ಹೆಂಡ್ತಿ ನನ್ನ ಹೊಡಿತಿದ್ಲು. ಮೊದಲ ಕೈಲೆ, ಆಮ್ಯಾಲೆ ಲಟ್ಟಣಗಿಲೆ.”

ಲಟ್ಟಣಿಗೆಯ ಹೆಸರು ಕೇಳಿದ್ದೇ ಸಭೆ ಮತ್ತೆ ನಕ್ಕಿತು. ಅವನು ಆ ನಗು ಇಳಿಯುವವರೆಗೆ ಕಾದ.

“ನಗು ಬರ್ತೈತಿ, ಖರೆ. ಆದ್ರ ಅದೂ ಕಟಗೀನ ರೀ. ಎಲುವು ಮುರಿತೈತಿ.” ಎಡಗೈ ಎತ್ತಿ ತೋರಿಸಿದ. ಕಿರುಬೆರಳು ಸೊಟ್ಟಗಿತ್ತು. ಆಮೇಲೆ ಗಡ್ಡವನ್ನು ಒತ್ತಿ ಸರಿಸಿದ. ಕಿವಿಯಿಂದ ಕೊರಳಿನವರೆಗೆ ಚರ್ಮ ನಿರಿಗೆಗಟ್ಟಿತ್ತು. “ಇದು ಕುದಿಯೋ ನೀರ ಮೈಮ್ಯಾಲೆ ಉಗ್ಗಿದ್ದು. ದವಾಖಾನ್ಯಾಗ ಖರೆ ಹೇಳಿದೆ, ಅಲ್ಲೂ ನಕ್ರು. ನಾ ಕುಸ್ತಿ ಆಡಾವ ರೀ. ಈ ಕೈಲೆ ಒಂದ ಏಟು ಹಾಕಿದ್ರ ಆಕಿ ಉಳೀತಿರ್ಲಿಲ್ಲ. ಅದು ನನಗ ಗೊತ್ತಿತ್ತು. ಅದಕ್ಕ ಹಾಕ್ಲಿಲ್ಲ.”

ಸಿಳ್ಳೆ ಹಾಕಿದ ಹುಡುಗ ತಲೆ ತಗ್ಗಿಸಿದ್ದ.

“ಮಿಂಚವ್ವನ್ನ ಬಡದಾಗ ನಾನೂ ಅತ್ತೇನಿ. ಆಕಿ ತಿರುಗಿ ಹೊಡದ್ಲು, ಆಕಿಗೆ ಸೊಕ್ಕು ಅಂದ್ರಿ. ನಾ ತಿರುಗಿ ಹೊಡೀಲಿಲ್ಲ, ನನಗ ನಾಮರ್ದ ಅಂದ್ರು. ಹಂಗಾರ ಪೆಟ್ಟು ತಿಂದ ಮನಷ್ಯಾ ಏನ್ ಮಾಡ್ಬೇಕ್ರಿ?”

ಹುಲ್ಲಪ್ಪ ಉತ್ತರಕ್ಕೆ ಕಾಯಲಿಲ್ಲ. ಆಫ್ರೀನಳ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದ: “ಅಕ್ಕಾರ, ನಿಮಗೂ ಒಂದ ಮಾತ. ಮಿಂಚವ್ವನ್ನ ಹೊಡಿಯೂ ಮುಂದ ನೀವು ಆಕಿ ಮುಖಾ ತೋರ್ಸಿದ್ರಿ. ಇವಂದು ಬೆನ್ನ ಅಷ್ಟ ತೋರ್ಸೀರಿ.”

ಆಫ್ರೀನ ಪರದೆಯತ್ತ ನೋಡಿದಳು. ಅವನು ಹೇಳಿದ್ದು ಖರೆ. ಹರವಾದ ಬೆನ್ನು, ಬಿಗಿದ ತೋಳು, ಬೆವರಿನ ಮಿಂಚು. ಎಷ್ಟು ಅಕ್ಕರೆಯಿಂದ ಬರೆದಿದ್ದಳು! ಮಿಂಚವ್ವನ ಪುಟದ ಪ್ರತಿ ಚೌಕದಲ್ಲೂ ಕಣ್ಣಿತ್ತು, ತುಟಿಯಿತ್ತು. ಸಿಡಿಲಪ್ಪನ ತಲೆ ಎಲ್ಲ ಚೌಕದಲ್ಲೂ ನೆರಳಿನೊಳಗಿತ್ತು. ನೋವು ಅವನ ಮೈಯನ್ನು ಚೆಂದಗಾಣಿಸಿತ್ತೇ ಹೊರತು ಎಲ್ಲಿಯೂ ಅವನಿಗೆ ನೋಯುತ್ತಿರಲಿಲ್ಲ. ಇಷ್ಟು ದಿನ ಅದು ತನ್ನ ಕಣ್ಣಿಗೇ ಬಿದ್ದಿರಲಿಲ್ಲವಲ್ಲ ಎಂದು ಆಕೆಗೆ ಸೋಜಿಗವಾಯಿತು.

ಕೂಟ ಮುಗಿದ ಮೇಲೆ ಆಕೆ ಅವನನ್ನು ಹುಡುಕಿಕೊಂಡು ಹೋದಳು. ಹೊರಗೆ ಕಂಬಳಿ ಮಡಚುತ್ತ ನಿಂತಿದ್ದ.

“ಅಣ್ಣಾರ, ಆ ಮುಖ ನನಗ ಗೊತ್ತಿಲ್ಲ. ನೀವು ನನ್ನ ಮುಂದ ಕುಂದ್ರತೀರೇನ್ರಿ? ಒತ್ತಾಯ ಇಲ್ಲ.”

ಅವನು ಕಂಬಳಿಯನ್ನು ಇನ್ನೊಮ್ಮೆ ಬಿಚ್ಚಿ ಇನ್ನೊಮ್ಮೆ ಮಡಚಿದ. “ಬಾದಾಮಿಗೆ ಬರ್ರಿ” ಎಂದ. “ಕೆರೂರಾಗ ಬ್ಯಾಡ, ಹುಡುಗೂರು ಕೂಡ್ತಾವ.”

ಮುಂದಿನ ರವಿವಾರ ಬೆಳಿಗ್ಗೆ ಇಬ್ಬರೂ ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕುಳಿತರು. ಮೇಲೆ ಬಂಡೆ ಬಿಸಿಲಿಗೆ ಕೆಂಪೇರುತ್ತಿತ್ತು, ಕೆಳಗೆ ಹಸಿರು ನೀರು. ಆಚೆ ಬದಿಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಆಫ್ರೀನ ಹಾಳೆ ಹರವಿ ಪೆನ್ಸಿಲು ಹಿಡಿದಳು.

“ಏನ್ ವಿಚಾರ ಮಾಡ್ಲಿ?” ಎಂದು ಕೇಳಿದ ಹುಲ್ಲಪ್ಪ.

“ಏನೂ ಬ್ಯಾಡ್ರಿ. ಸುಮ್ನ ಕುಂದರ್ರಿ.”

ಮೊದಲಿಗೆ ಆಕೆಗೆ ಕಂಡದ್ದು ಬರೀ ಗಡ್ಡ, ಮೂಗು, ಹುಬ್ಬು. ಬರೆದದ್ದನ್ನೆಲ್ಲ ಅಳಿಸಿದಳು. ಅಷ್ಟರಲ್ಲಿ ಆಚೆಯ ದಡದಲ್ಲಿ ಒಬ್ಬಾಕೆ ಒದ್ದೆ ಸೀರೆಯನ್ನು ಕಲ್ಲಿಗೆ ಬೀಸಿ ಒಗೆದಳು. ಪಟ್ ಎಂಬ ಸದ್ದು ಬಂಡೆಗೆ ಬಡಿದು ತಿರುಗಿ ಬಂತು. ಹುಲ್ಲಪ್ಪನ ಮೈ ಮಿಸುಕಲಿಲ್ಲ. ಆದರೆ ಎಡಗಣ್ಣಿನ ರೆಪ್ಪೆ ಸಣ್ಣಗೆ ಕಂಪಿಸಿತು. ಆಕೆ ಮತ್ತೆ ಒಗೆದಳು, ಮತ್ತೆ ರೆಪ್ಪೆ ಕಂಪಿಸಿತು. ಬೆಟ್ಟದಂಥ ಆ ದೇಹದಲ್ಲಿ ಅಷ್ಟು ಸಣ್ಣ ಜಾಗವೊಂದು ಇನ್ನೂ ಆ ಎರಡು ವರ್ಷದ ಸಂಸಾರದ ಮನೆಯಲ್ಲೇ ನಿಂತಿತ್ತು. ಅವನ ದೊಡ್ಡ ಕೈಗಳು ತೊಡೆಯ ಮೇಲೆ ಅಂಗಾತ ಬಿಚ್ಚಿಕೊಂಡಿದ್ದವು, ಯಾರನ್ನೂ ಹೊಡೆಯೆನೆಂದು ತೋರಿಸುವವರ ಹಾಗೆ.

ಆಫ್ರೀನ ಹತ್ತೂರು ಹಾರುವ, ಕೋಟೆ ಒಡೆಯುವ ಶಕ್ತಿಗಳನ್ನು ಬರೆದಿದ್ದಳು. ತನ್ನ ಬಲವನ್ನೆಲ್ಲ ತನ್ನೊಳಗೇ ಹಿಡಿದಿಟ್ಟುಕೊಂಡು ಕುಳಿತ ಮನುಷ್ಯನನ್ನು ಇಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. ಗುಡಿಯಲ್ಲಾಗಲಿ ದರ್ಗಾದಲ್ಲಾಗಲಿ ದನಿ ತಾನಾಗಿ ಇಳಿಯುತ್ತದಲ್ಲ, ಹಾಗೆ ಆಕೆಯ ಉಸಿರು ಇಳಿಯಿತು. ಪೆನ್ಸಿಲು ಮಾತ್ರ ನಿಲ್ಲಲಿಲ್ಲ. ಅವನ ಗಲ್ಲದ ಮೇಲೆ ನೀರು ಇಳಿದು ಗಡ್ಡದಲ್ಲಿ ಸೇರಿತು. ಅವನು ಒರೆಸಿಕೊಳ್ಳಲಿಲ್ಲ, ಆಕೆಯೂ ನೋಡದವಳ ಹಾಗೆ ಮುಖ ತಿರುಗಿಸಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಹಾಳೆಯನ್ನು ಅವನತ್ತ ಹಿಡಿದಳು. ಹುಲ್ಲಪ್ಪ ಬಹಳ ಹೊತ್ತು ನೋಡಿದ.

“ನಾ ಹಿಂಗ ಕಾಣತಿದ್ನೇನ್ರಿ?” ಎಂದ. ಆಮೇಲೆ, “ಆವಾಗ ಯಾರರ ನೋಡಿದ್ರ ಚಲೋ ಇತ್ತು.”

ಆ ವಾರದ ಕಂತು ಒಂದೇ ಪುಟ. ಪುಟದ ತುಂಬ ಒಂದೇ ಮುಖ. ಅದರ ಕೆಳಗೆ ಹಾಕಲು ಚೇತನಕುಮಾರ ನಾಲ್ಕು ಸಾಲು ಬರೆದಿಟ್ಟಿದ್ದ. ಚಿತ್ರ ಬಂದ ಮೇಲೆ ಅವನೇ ಅದನ್ನು ಅಳಿಸಿ ಫೋನು ಮಾಡಿದ. “ಅಕ್ಕಾ, ನನ್ನ ಮಾತು ಬ್ಯಾಡ ಇದಕ್ಕ” ಎಂದು ಅಷ್ಟೇ ಹೇಳಿ ಇಟ್ಟ.

ನಗುವವರು ಆಗಲೂ ನಕ್ಕರು. ಪೈಲವಾನ ಅತ್ತ ಎಂದು ಗೇಲಿ ಮಾಡಿದವರೂ ಇದ್ದರು. ಆದರೆ ನಗದೆ ಮೊದಲು ಬರೆದವಳು ಕಲಾದಗಿಯ ಒಬ್ಬ ಹುಡುಗಿ: ‘ಊಟಕ್ಕ ಕುಂತಾಗ ನಮ್ಮಪ್ಪನ ಮುಖಾ ಹಿಂಗ ಇರ್ತಿತ್ತು. ನಾವೆಲ್ಲಾ ಅವನ್ನ ಆಡ್ಕೊಂಡು ನಗತಿದ್ವಿ.’ ಆಮೇಲೆ ಒಬ್ಬೊಬ್ಬರಾಗಿ ಬಂದರು. ಬರೀ ಗಂಡಸರಲ್ಲ. ತಿರುಗಿ ಹೊಡೆದುದಕ್ಕೆ ಬಜಾರಿ ಎನ್ನಿಸಿಕೊಂಡ ಹೆಂಗಸರೂ ಬರೆದರು, ಮಿಂಚವ್ವನ ಹಳೆಯ ಕಂತುಗಳ ಕೆಳಗೆ ಹೋಗಿ ಹೋಗಿ ಬರೆದರು. ಶಾಲೆಗೆ ಹೋಗುವ ಬಸ್ಸಿನಲ್ಲಿ ಅದನ್ನೆಲ್ಲ ಓದುತ್ತ ಆಫ್ರೀನ ಇಳಿಯಬೇಕಾದ ಸ್ಟಾಪು ದಾಟಿಹೋದಳು. ಬಣ್ಣದ ಗೆರೆಗಳಿಂದ ಮಾಡಿದ ಒಬ್ಬ ಸುಳ್ಳು ಮನುಷ್ಯನ ಹತ್ತಿರ ಇಷ್ಟು ಜನ ತಮ್ಮ ಖರೆ ನೋವು ತಂದು ಇಡುತ್ತಾರಲ್ಲ ಎಂದು ನೆನೆದಾಗ ಆಕೆಗೆ ಹೆದರಿಕೆಯೂ ಆಯಿತು, ಕೈಮುಗಿಯಬೇಕೆಂದೂ ಅನ್ನಿಸಿತು.

ಕೆಲವು ದಿನಗಳ ಮೇಲೆ ಹುಲ್ಲಪ್ಪನ ಫೋನು ಬಂತು.

“ಅಕ್ಕಾರ, ನಮ್ಮವ್ವಗ ತೋರ್ಸಿದೆ.”

ಅವನ ತಾಯಿ ಶಿವಬಸವ್ವ ಆ ಎರಡು ವರ್ಷ ಮಗನ ಮುಖದ ಗಾಯ ಕಂಡಾಗೆಲ್ಲ ಗರಡಿಯಲ್ಲಿ ಬಿದ್ದೆಯಾ ಎಂದು ಕೇಳುತ್ತಿದ್ದಳಂತೆ. ಹೌದು ಎನ್ನುತ್ತಿದ್ದನಂತೆ.

“ಏನಂದ್ರು ಅವ್ವಾರು?”

“ಕಿವಿ ಕೆಳಗ ಸುಟ್ಟದ್ದು ಬರದೀರಲ್ಲ, ಅಲ್ಲೆ ಬೆರಳ ಇಟ್ಲು. ಮೊಬೈಲಾಗಿನ ಚಿತ್ರ ನೋಡ್ರಿ, ಮುಟ್ಟಿದ ಕೂಡ್ಲೆ ದೊಡ್ಡದಾತು. ನನಗ ನೋವಾತೇನೋ ಅಂತ ಗಪ್ನ ಕೈ ಹಿಂದಕ್ಕ ತಗೊಂಡ್ಲು.”