ಷಡ್ಡಕರಿಬ್ಬರ ಗೇರ್‌ಬಾಕ್ಸ್

ನಮ್ಮ ಕುಟುಂಬದಲ್ಲಿ 'ಕಾರು' ಮೊದಲು ಕ್ರಿಯಾಪದ, ಆಮೇಲೆ ನಾಮಪದ. ವಿಷ ಕಾರು, ಬೆಂಕಿ ಕಾರು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರು. ಇಷ್ಟೆಲ್ಲ ಮುಗಿದ ಮೇಲೆ ಪುರುಸೊತ್ತು ಉಳಿದರೆ, ಕಟ್ಟಡದ ಕೆಳಗೆ ನಿಂತಿರುವ ಆ ಪುಟ್ಟ ಬೂದು ಕಾರು.

ಅದರ ನಿಜವಾದ ಒಡತಿಯರು ಇಬ್ಬರು: ನನ್ನ ಹೆಂಡತಿ ಮತ್ತು ಅವಳ ಅಕ್ಕ. ಇಬ್ಬರೂ ತಾವು ಕೂಡಿಟ್ಟದ್ದನ್ನು ಸೇರಿಸಿ, ಯಾರೋ ಓಡಿಸಿ ಬಿಟ್ಟಿದ್ದ ಅಗ್ಗದ ಗಾಡಿಯೊಂದನ್ನು ಕೊಂಡರು. ಕ್ಲಚ್ಚಿಲ್ಲ, ಗೇರು ತನ್ನ ಪಾಡಿಗೆ ತಾನೇ ಬದಲಾಗುತ್ತದೆ. ನನ್ನ ಹೆಂಡತಿ ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ, ಮಲಗಿದವರನ್ನು ಕೂರಿಸುತ್ತಾಳೆ, ಕೂತವರನ್ನು ನಡೆಸುತ್ತಾಳೆ. ಆಸ್ಪತ್ರೆಯ ಕೆಲಸ ಬಿಟ್ಟು ಸ್ವಂತಕ್ಕೆ ಇಳಿದದ್ದೇ ಈ ಕಾರನ್ನು ನಂಬಿಕೊಂಡು. ಅವಳ ಲೈಸೆನ್ಸೂ ಕ್ಲಚ್ಚಿಲ್ಲದ ಗಾಡಿಗೆ ಮಾತ್ರ. ಡಿಕ್ಕಿಯಲ್ಲಿ ಮಡಚುವ ಮಂಚ, ಸ್ನಾಯುಗಳಿಗೆ ಕರೆಂಟು ಕೊಡುವ ಪೆಟ್ಟಿಗೆ, ರಬ್ಬರಿನ ಪಟ್ಟಿಗಳ ರಾಶಿ. ಕಾರು ನಿಂತರೆ ಅವಳ ಕೆಲಸವೂ ನಿಂತಿತು ಎಂದೇ ಅರ್ಥ.

ಅತ್ತಿಗೆ ಸಂಜೆ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಹೀಗಾಗಿ ಹಗಲಿಗೆ ತಂಗಿ, ಸಂಜೆಗೆ ಅಕ್ಕ. ಭಾನುವಾರ ಮಾತ್ರ ಗಂಡಂದಿರ ಪಾಲು: ಒಂದು ಭಾನುವಾರ ನನಗೆ, ಮುಂದಿನದು ನನ್ನ ಷಡ್ಡಕನಿಗೆ. ತೊಳೆಯುವುದು, ಗಾಳಿ ಹಾಕಿಸುವುದು, ಪೆಟ್ರೋಲು ತುಂಬಿಸುವುದು ನಮ್ಮ ಕರ್ತವ್ಯ. ಅದಕ್ಕೆ ಕೂಲಿಯಾಗಿ ಒಂದು ಸುತ್ತು ತಿರುಗಾಟ.

ಷಡ್ಡಕ ಒಂದು ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಯಾವ ಮಾತನ್ನೂ ಒಂದೇ ಸಲ ಹೇಳಿ ಬಿಡುವ ಜನ್ಮವಲ್ಲ. "ಹ್ಞೂಂ... ಹೆಲ್ಮೆಟ್ ಹಾಕ್ಕೊಳ್ಳಿ. ಹಾಕ್ಕೊಳ್ಳಿ ಅಂದೆ." ಮೂಗಿನಿಂದ ಹೊರಡುವ ಈ 'ಅಂದೆ' ಇದೆಯಲ್ಲ, ಅದನ್ನು ನಾನು ಅವನಿಗಿಂತ ಚೆನ್ನಾಗಿ ಅನ್ನುತ್ತೇನೆ. ನನ್ನ ಹೊಟ್ಟೆಪಾಡೇ ದನಿ. ಬಸ್ಸುಗಳಲ್ಲಿ "ಮುಂದಿನ ನಿಲ್ದಾಣ" ಅಂತ ಕೇಳುತ್ತದಲ್ಲ, ಆ ಪಾಪದ ಗಂಟಲು ನನ್ನದೇ. ಇನ್ನು ಷಡ್ಡಕನಿಗೆ ಎದುರಿಗೆ ಬಹುವಚನ, ಬೆನ್ನಿಗೆ ಏಕವಚನ. ನಮ್ಮ ಸಂಬಂಧದ ವ್ಯಾಕರಣ ಇಷ್ಟೇ.

ನಮ್ಮಿಬ್ಬರ ನಡುವೆ ಮಾತು ನಿಂತದ್ದು ಸೀಟಿನ ದೆಸೆಯಿಂದ. ಅವನು ಉದ್ದ, ನಾನು ಗಿಡ್ಡ. ಅವನ ಭಾನುವಾರ ಮುಗಿದ ಮೇಲೆ ಸೀಟು ಹಿಂದಿನ ಸೀಟಿನ ಮಡಿಲಲ್ಲಿ ಮಲಗಿರುತ್ತಿತ್ತು. ನಾನು ರೇಡಿಯೋದ ದನಿಯನ್ನು ತುದಿಗೇರಿಸಿ ಬಿಟ್ಟುಬರತೊಡಗಿದೆ; ಅವನು ಕೀಲಿ ತಿರುಗಿಸಿದೊಡನೆ ಹೌಹಾರಲಿ ಅಂತ. ಅವನು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟ. ನಾನು ಅವನಿಗಾಗದ ನಿಂಬೆ ಸೆಂಟಿನ ಡಬ್ಬಿ ತಂದಿಟ್ಟೆ. ಪ್ರತಿ ಸೋಮವಾರ ನನ್ನ ಹೆಂಡತಿ ಸೀಟು ಎಳೆದು, ಕನ್ನಡಿ ಇಳಿಸಿ, ರೇಡಿಯೋ ಆರಿಸಿ, ಕಿಟಕಿ ತೆಗೆದು, ಆಮೇಲೆ ಕೆಲಸಕ್ಕೆ ಹೊರಡುತ್ತಿದ್ದಳು. ಯಾರನ್ನೂ ಏನೂ ಅನ್ನಲಿಲ್ಲ. ಅನ್ನದ್ದನ್ನೆಲ್ಲ ಎಲ್ಲೋ ಜೋಪಾನವಾಗಿ ಇಡುತ್ತಿದ್ದಾಳೆ ಅನ್ನುವುದು ನನಗೆ ಹೊಳೆಯಲಿಲ್ಲ.

ಹೀಗಿರುವಾಗ ಕಾರಿಗೆ ನಡುಕ ಹತ್ತಿಕೊಂಡಿತು.

"ಸಿಗ್ನಲ್‌ನಿಂದ ಹೊರಡೋವಾಗ ಗಡಗಡ ಅನ್ನುತ್ತೆ," ಅಂದಳು ಹೆಂಡತಿ. ನಾವು ನಾಲ್ವರೂ ಅತ್ತಿಗೆಯ ಮನೆಯ ಊಟದ ಮೇಜಿಗೆ ಕೂತಿದ್ದೆವು. "ಆಪರೇಷನ್ ಆದ ಮೊಣಕಾಲು ಮೊದಲನೇ ಸಲ ಭಾರ ಹೊತ್ತ ಹಾಗೆ. ಗೇರ್‌ಬಾಕ್ಸ್ ವರ್ಕ್‌ಶಾಪಿನ ಯಜಮಾನಿಗೆ ತೋರಿಸ್ದೆ. ಎಣ್ಣೆ ಹಳಸಿದೆ, ಪೂರ್ತಿ ಇಳಿಸಿ ಸರಿಯಾದ್ದು ಹಾಕ್ಬೇಕು ಅಂದ್ರು."

ಷಡ್ಡಕ ನನ್ನ ಮುಂದಿದ್ದ ಉಪ್ಪಿನ ಡಬ್ಬಿಯನ್ನು ದುರುಗುಟ್ಟಿಕೊಂಡು ನೋಡುತ್ತ ನನ್ನ ಹೆಂಡತಿಗೆ ಹೇಳಿದ: "ಏನೂ ಬೇಡಮ್ಮ. ಅದು ಸೀಲ್ಡು. ಸೀಲ್ಡು ಅಂದೆ. ಜೀವಮಾನಕ್ಕಾಗೋಷ್ಟು ಎಣ್ಣೆ ಹಾಕೇ ಮುಚ್ಚಿರ್ತಾರೆ."

"ಯಾರ ಜೀವಮಾನ ಅಂತ ಕೇಳು ನಿನ್ನ ಭಾವನ್ನ," ಅಂದೆ ನಾನು. "ಕಾರಿಂದಾ, ಅವರದಾ?"

"ನಿನ್ನ ಗಂಡನಿಗೆ ಹೇಳು, ಎಣ್ಣೆಯಿಂದ ಅಲ್ಲ ನಡುಕ ಬಂದಿರೋದು. ಇಳಿಜಾರಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಬರೀ ಪಾರ್ಕಿಂಗ್ ಗೇರಿಗೆ ಹಾಕಿ ಇಳಿದು ಬರ್ತಾರಲ್ಲ, ಅದರಿಂದ. ಇಡೀ ಗಾಡಿ ಒಂದು ಹಲ್ಲಿನ ಮೇಲೆ ನೇತಾಡುತ್ತೆ. ಒಂದೇ ಹಲ್ಲು ಅಂದೆ."

"ಇಳಿಜಾರು ಕಂಡ ತಕ್ಷಣ ಪೆಟ್ರೋಲ್ ಉಳೀಲಿ ಅಂತ ನ್ಯೂಟ್ರಲ್‌ಗೆ ಹಾಕಿ ಜಾರುಬಂಡಿ ಆಡೋ ದೊಡ್ಡ ಮನುಷ್ಯರು ಯಾರು ಅಂತಲೂ ಕೇಳು."

ಆ ಮೇಜಿನ ಸುತ್ತ ನ್ಯೂಟ್ರಲ್ ಅನ್ನುವುದು ಗೇರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಹೆಂಡತಿ ತಟ್ಟೆ ಸರಿಸಿದಳು. "ಇಬ್ಬರೂ ಕೇಳಿ. ಮುಂದಿನ ತಿಂಗಳು ನಾನೇ ಯಜಮಾನಿ ಹತ್ರ ಬಿಡ್ತೀನಿ. ಅಲ್ಲೀತನಕ ಅದರ ಹೊಟ್ಟೆಗೆ ಯಾರೂ ಕೈ ಹಾಕಕೂಡದು."

"ನಾನ್ಯಾಕೆ ಹಾಕ್ಲಿ?" ಅಂದ ಷಡ್ಡಕ.

"ನನಗೇನು ಹುಚ್ಚಾ?" ಅಂದೆ ನಾನು.

ಹುಚ್ಚೇ. ಆ ಊಟವಾದ ಎರಡನೆಯ ಭಾನುವಾರ ನನ್ನ ಸರದಿ ಬಂದಾಗ ಕಾರನ್ನು ಮೇಲ್ಸೇತುವೆಯ ಅಡಿಯ ಆಯಿಲ್ ಅಂಗಡಿಗೆ ಓಡಿಸಿದೆ. ಯೋಚನೆ ಸರಳ: ಎಣ್ಣೆ ಹಾಕಿಸುತ್ತೇನೆ, ನಡುಕ ನಿಲ್ಲುತ್ತದೆ, ಮುಂದಿನ ಊಟದ ಹೊತ್ತಿಗೆ ಅವನ 'ಸೀಲ್ಡು' ಅವನ ಬಾಯಿಗೇ ಸೀಲಾಗುತ್ತದೆ. ಅಂಗಡಿಯವನು ಈ ಕಾರಿಗೆ ಒಪ್ಪುವ ಎಣ್ಣೆಯನ್ನೇ ತೆಗೆದ. ಹಸಿರು ಮುಚ್ಚಳದ ಬಿಳಿ ಡಬ್ಬ. "ಹಳೇದು ಇಳಿಸಿ ಹಾಕ್ಬೇಕು. ಸಂಜೆಯಾಗುತ್ತೆ," ಅಂದ.

"ಇಳಿಸೋದೇನೂ ಬೇಡ. ಕಡಿಮೆಯಾಗಿರುತ್ತೆ, ಮೇಲಿಂದ ಒಂದು ಲೀಟರ್ ಸುರೀರಿ."

"ಇದಕ್ಕೆ ಅಳತೆ ಕಡ್ಡಿನೇ ಇಲ್ಲ ಸಾರ್. ಒಳಗೆಷ್ಟಿದೆ ಅಂತ ಗೊತ್ತಾಗಲ್ಲ."

"ನಂಗೊತ್ತು."

ಖಾಲಿ ಡಬ್ಬ ಗಟ್ಟಿಮುಟ್ಟಾಗಿತ್ತು. ಎಸೆಯಲು ಮನಸ್ಸು ಬರಲಿಲ್ಲ. ಲೇಬಲ್ ಕಿತ್ತು, ಪಕ್ಕ ಕೊಯ್ದು, ತೊಳೆದು, ಬಾಲ್ಕನಿಯಲ್ಲಿ ಬಟ್ಟೆ ಕ್ಲಿಪ್ಪು ಹಾಕಲು ನೇತುಹಾಕಿದೆ. ಎಲ್ಲಿಯದು ಅಂತ ಹೆಂಡತಿ ಕೇಳಿದಾಗ ಆಫೀಸಿನಲ್ಲಿ ಬಿದ್ದಿತ್ತು ಅಂದೆ.

ನಡುಕ ನಿಲ್ಲಲಿಲ್ಲ. ಅದರ ಜೊತೆಗೆ ಒಂದು ಕೂಗೂ ಹುಟ್ಟಿಕೊಂಡಿತು. ಕೆಲವೇ ದಿನಗಳಲ್ಲಿ, ರೋಗಿಯೊಬ್ಬರ ಮನೆಗೆ ಹೊರಟ ಹೆಂಡತಿ ಮೇಲ್ಸೇತುವೆಯ ಏರಿನ ನಟ್ಟನಡುವೆ ಸಿಕ್ಕಿಹಾಕಿಕೊಂಡಳು. ಎಂಜಿನ್ ಅರಚುತ್ತದೆ, ಕಾರು ಕದಲುವುದಿಲ್ಲ. ಹಿಂದಿನಿಂದ ಹಾರ್ನಿನ ಸುರಿಮಳೆ. ಅವಳು ಫೋನಿನಲ್ಲಿ ಬಿಕ್ಕುತ್ತಿದ್ದಾಗ ನನ್ನ ತಲೆಗೆ ಮೊದಲು ಬಂದದ್ದು ಅವಳಲ್ಲ, ಷಡ್ಡಕ. ಸಿಕ್ಕಿಬಿದ್ದ ಬಡ್ಡಿಮಗ, ಅಂದುಕೊಂಡೆ.

ಗಾಡಿಯನ್ನು ಎಳೆಸಿಕೊಂಡು ಯಜಮಾನಿಯ ವರ್ಕ್‌ಶಾಪಿಗೆ ಹಾಕಿದೆವು. ಬಿಚ್ಚಿ ನೋಡಲು ಅವರಿಗೆ ಬಿಡುವಾಗಬೇಕಿತ್ತು. ಅಷ್ಟರಲ್ಲಿ ಅವಳ ಹಳೆಯ ಆಸ್ಪತ್ರೆಯವರೇ ಫಿಸಿಯೋಥೆರಪಿಗೆ ರೋಗಿಗಳ ಮನೆಗೇ ಬರುವ ವ್ಯಾನು ಶುರುಮಾಡಿಬಿಟ್ಟರು. ಮಡಚುವ ಮಂಚ ಹೊತ್ತು ಬಸ್ಸು ಹತ್ತಲು ಹೋದವಳನ್ನು ಡ್ರೈವರ್ ಕೆಳಗಿಳಿಸಿದ. ಸಂಜೆಯೆಲ್ಲ ಫೋನು: "ಹೌದಾ... ವ್ಯಾನಿನವರು ಬಂದ್ರಾ... ಪರವಾಗಿಲ್ಲ ಬಿಡಿ, ಕಾಲು ಮಾತ್ರ ದಿನಾ ಎತ್ತಿಸ್ತಿರಿ." ಫೋನು ಇಟ್ಟು ರಬ್ಬರಿನ ಪಟ್ಟಿಗಳನ್ನು ಬಿಚ್ಚಿ ಮತ್ತೆ ಸುತ್ತಿಡುವಳು.

ಗಾಡಿ ಕೆಡಿಸಿದವನು ಷಡ್ಡಕನೇ ಅನ್ನುವುದಕ್ಕೆ ನನಗೆ ಸಾಕ್ಷಿ ಬೇಕಿತ್ತು. ಷಡ್ಡಕ ಕಾರನ್ನು ಆಗಾಗ ತನ್ನ ಕಾರ್ಖಾನೆಯ ವಾಹನ ಶೆಡ್ಡಿಗೆ ಒಯ್ಯುವುದು ಗೊತ್ತಿತ್ತು. ಮೂಗಿಗೆ ಎರಡು ಬೆರಳು ಒತ್ತಿ ಶೆಡ್ಡಿಗೆ ಫೋನು ಹಚ್ಚಿದೆ.

"ಹ್ಞೂಂ... ನಾನು. ನಾನು ಅಂದೆ."

"ಹೇಳಿ ಸಾರ್!"

"ಮೊನ್ನೆ ನನ್ನ ಕಾರು ತಂದಿದ್ನಲ್ಲ. ತಂದಿದ್ದೆ ಅಂದೆ. ಏನೇನು ಮಾಡಿದ್ರಿ?"

"ಏನ್ ಸಾರ್, ನೀವೇ ಪಕ್ಕದಲ್ಲಿ ನಿಂತಿದ್ರಿ! ಗೇರ್‌ಬಾಕ್ಸಿನ ಎಣ್ಣೆ ಅರ್ಧ ಇಳಿಸಿ, ನಮ್ಮ ಫೋರ್ಕ್‌ಲಿಫ್ಟಿನ ಕೆಂಪೆಣ್ಣೆ ತುಂಬಿಸಿದ್ವಿ. ಮನೇಲಿ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ, ಸೀಲ್ಡು ಅಂತ ಹೇಳಿಬಿಟ್ಟಿದೀನಿ, ಯಾರಿಗೂ ಹೇಳ್ಬೇಡಿ ಅಂದಿದ್ರಿ."

"ಯಾವತ್ತು ಅದು?"

"ಭಾನುವಾರ ಸಾರ್. ಹೋದ ತಿಂಗಳ ಕೊನೇದು. ಬಾಯಿತನಕ ತುಂಬಿಸಿದ್ವಿ."

ಖುಷಿಗೆ ಫೋನಿಗೇ ಮುತ್ತು ಕೊಡುವವನಿದ್ದೆ. ಅಷ್ಟರಲ್ಲಿ ಭಾನುವಾರಗಳ ಲೆಕ್ಕ ತಲೆಯಲ್ಲಿ ಕೂತಿತು. ಅದು ಅವನ ಸರದಿ. ಅದರ ಮುಂದಿನದು ನನ್ನದು. ಅಂದರೆ ಅವನು ಬಾಯಿತನಕ ತುಂಬಿಸಿದ ಗೇರ್‌ಬಾಕ್ಸಿಗೆ ನಾನು ಮೇಲಿಂದ ಒಂದು ಲೀಟರ್ ಸುರಿದಿದ್ದೆ. ಆದರೂ ಧೈರ್ಯ ತಂದುಕೊಂಡೆ: ಕೆಂಪೆಣ್ಣೆ ಅವನದು, ಕೆಂಪು ಎಲ್ಲರ ಕಣ್ಣಿಗೂ ಬೀಳುವ ಬಣ್ಣ. ನನ್ನದು ಅದರಲ್ಲಿ ಕರಗಿ ಹೋಗಿರುತ್ತದೆ.

ಯಜಮಾನಿಯಿಂದ ಕರೆ ಬಂದ ದಿನ ನಾಲ್ವರೂ ವರ್ಕ್‌ಶಾಪಿನಲ್ಲಿ ಸೇರಿದೆವು. ನಮ್ಮ ಕಾರು ಎತ್ತುಗಂಬದ ಮೇಲೆ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಯಜಮಾನಿ ಗಟ್ಟಿ ಹೆಂಗಸು. ತೋಳು ಮಡಚಿ, ಕೆಳಗಿದ್ದ ಟ್ರೇಯನ್ನು ಕಾಲಿನಿಂದಲೇ ತೋರಿಸಿದರು. ನೊರೆಯೆದ್ದ, ಸುಟ್ಟ ವಾಸನೆಯ ಕೆಂಪು ಗಂಜಿ.

"ಇದ್ಯಾವ ಪುಣ್ಯಾತ್ಮರ ಕೆಲಸ?"

ನಾನು ಬಾಯಿ ತೆರೆಯುವ ಮೊದಲೇ ಷಡ್ಡಕ ನನ್ನತ್ತ ತಿರುಗಿದ. ಎಷ್ಟೋ ಕಾಲದ ಮೇಲೆ ನೇರವಾಗಿ, ಮುಖಕ್ಕೆ ಮುಖ.

"ಏನ್ರೀ, ನಾಚಿಕೆ ಆಗಲ್ವಾ? ನಮ್ಮ ಶೆಡ್ಡಿನವನು ನನಗೆ ಫೋನ್ ಮಾಡಿದ್ದ. 'ಸಾರ್, ಬೆಳಿಗ್ಗೆ ಎಣ್ಣೆ ವಿಷಯ ಕೇಳಿದ್ರಲ್ಲ, ಏನಾದ್ರೂ ತೊಂದರೆ ಆಯ್ತಾ' ಅಂತ. ಬೆಳಿಗ್ಗೆ ನಾನು ಯಾರಿಗೂ ಫೋನೇ ಮಾಡಿಲ್ಲ! ನನ್ನ ದನಿ ಕದಿಯೋ ನೀವೆಂಥ ಮನುಷ್ಯರು? ಎಂಥವರು ಅಂದೆ!"

"ಯಾವ ಎಣ್ಣೆ ವಿಷಯ ರೀ?" ಅಂದರು ಅತ್ತಿಗೆ, ತಣ್ಣಗೆ.

ಸಿಟ್ಟಿನ ಭರದಲ್ಲಿ ಷಡ್ಡಕ ತನ್ನನ್ನು ತಾನೇ ಹಿಡಿದುಕೊಟ್ಟಿದ್ದ.

"ಫೋರ್ಕ್‌ಲಿಫ್ಟಿಂದು!" ಅಂದೆ ನಾನು. ಅದನ್ನು ಹೇಳುವ ಸಂತೋಷವನ್ನು ಬೇರೆ ಯಾರಿಗೂ ಬಿಟ್ಟುಕೊಡುವ ಉದ್ದೇಶ ನನಗಿರಲಿಲ್ಲ. ಅವನದೇ ದನಿಯಲ್ಲಿ ಸೇರಿಸಿದೆ: "ಸೀಲ್ಡು. ಸೀಲ್ಡು ಅಂದೆ!"

ಯಾರೂ ನಗಲಿಲ್ಲ.

"ನಿಲ್ಸಿ ನಾಟಕ," ಅಂದರು ಯಜಮಾನಿ. "ಬರೀ ಕೆಂಪೆಣ್ಣೆ ಆಗಿದ್ರೆ ಇಳಿಸಿ ತೊಳೆದು ಬದುಕಿಸ್ತಿದ್ದೆ. ಹಿಡಿಸೋದಕ್ಕಿಂತ ಒಂದು ಲೀಟರ್ ಜಾಸ್ತಿ ಬಂದಿದೆ ಒಳಗಿಂದ. ಎಣ್ಣೆ ಹೆಚ್ಚಾಗಿ ನೊರೆಯೆದ್ದು, ನೊರೆಯಲ್ಲಿ ಗೇರ್‌ಬಾಕ್ಸಿನೊಳಗಿನ ಬೆಲ್ಟು ಜಾರಿ ಜಾರಿ ಸುಟ್ಟುಹೋಗಿದೆ. ಆ ಲೀಟರ್ ಯಾರದು?"

"ನನ್ನದಲ್ಲ," ಅಂದ ಷಡ್ಡಕ. "ಖಂಡಿತ ಅಲ್ಲ ಅಂದೆ."

"ಅವರಲ್ಲದೆ ಮತ್ಯಾರು?" ಅಂದೆ ನಾನು.

ಯಜಮಾನಿ ಹಿಂದಿನ ಕಪಾಟಿನಿಂದ ಒಂದು ಡಬ್ಬ ತೆಗೆದು ಟಪ್ಪೆಂದು ಕೌಂಟರಿನ ಮೇಲಿಟ್ಟರು. "ಈ ಕಾರಿಗೆ ಹಾಕಬೇಕಾದ್ದು ಇದು. ಇದನ್ನ ಬಿಟ್ಟು ಬೇರೇನೂ ಅಲ್ಲ."

ಬಿಳಿ ಡಬ್ಬ. ಹಸಿರು ಮುಚ್ಚಳ.

ನನ್ನ ಹೆಂಡತಿ ಅದನ್ನು ಕೈಗೆತ್ತಿಕೊಂಡಳು. ರೋಗಿಯ ಮಂಡಿ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿದಳು. "ಇದು ನಮ್ಮನೇಲಿದೆ," ಅಂದಳು ನಿಧಾನಕ್ಕೆ. "ಬಾಲ್ಕನೀಲಿ. ಕ್ಲಿಪ್ಪು ಹಾಕಿದೀವಿ ಅದಕ್ಕೆ. ಆಫೀಸಲ್ಲಿ ಬಿದ್ದಿತ್ತು ಅಂದಿದ್ರಿ ಅಲ್ವಾ?"

ಎಷ್ಟು ಗಂಟಲುಗಳನ್ನು ಹೊತ್ತು ತಿರುಗುವವನು ನಾನು! ಆ ಹೊತ್ತಿಗೆ ಒಂದೂ ಸಿಗಲಿಲ್ಲ. ಷಡ್ಡಕನ ಮುಖದಲ್ಲಿ ಹೂವರಳುವುದನ್ನು ನೋಡುತ್ತ ನಿಂತೆ.

"ಒಬ್ಬರೇ ಹಾಳುಮಾಡಿದ್ರೆ ಉಳೀತಿತ್ತು," ಅಂದರು ಯಜಮಾನಿ. "ಇಬ್ಬರೂ ಸೇರಿ ಚೆನ್ನಾಗಿ ನೋಡ್ಕೊಂಡಿದೀರಿ."

"ಒಳ್ಳೇದಕ್ಕೇ ಮಾಡಿದ್ದು!" ಅಂದೆವು ನಾನೂ ಷಡ್ಡಕನೂ ಒಟ್ಟಿಗೆ. ನಮ್ಮಿಬ್ಬರ ಬಾಯಲ್ಲಿ ಒಂದೇ ಮಾತು ಬಂದದ್ದು ಅದೇ ಮೊದಲು. ಇಬ್ಬರಿಗೂ ಅಸಹ್ಯವಾಯಿತು.

ನನ್ನ ಹೆಂಡತಿ ಅಂಗೈ ಚಾಚಿದಳು. ಪಕ್ಕದಲ್ಲಿ ಅತ್ತಿಗೆಯೂ ಚಾಚಿದರು. ಅಕ್ಕತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಅದರ ಅಗತ್ಯವೇ ಇರಲಿಲ್ಲ. ಷಡ್ಡಕ ಜೇಬು ತಡಕಿ ತನ್ನ ಕೀಲಿ ಕೊಟ್ಟ. ನಾನು ಹಿಂದೆಮುಂದೆ ನೋಡಿದೆ. ಆಗ ನನ್ನ ಹೆಂಡತಿ, ಇಡೀ ಸಂಸಾರದಲ್ಲಿ ಒಂದು ಅಣಕವನ್ನೂ ಮಾಡದವಳು, ಕತ್ತು ನೆಟ್ಟಗೆ ಮಾಡಿ, ನನ್ನ ಬಸ್ಸಿನ ದನಿಯನ್ನೇ ತೆಗೆದಳು. ಅದೇ ಸವಿ, ಅದೇ ಸುಳ್ಳು ವಿನಯ.

"ದಯವಿಟ್ಟು ಗಮನಿಸಿ. ನಿಮ್ಮ ನಿಲ್ದಾಣ ಬಂದಿದೆ. ಇಳಿಯುವವರು ಇಳಿದುಕೊಳ್ಳಿ."

ಕೀಲಿ ಕೊಟ್ಟೆ. ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಜಖಂಗೊಂಡ ಅದೇ ಜಾತಿಯ ಕಾರೊಂದರಿಂದ ಗೇರ್‌ಬಾಕ್ಸ್ ಬಿಚ್ಚಿ ತಂದು ಕೂರಿಸಿದರು. ಹೆಂಡತಿಯ ಸುತ್ತಾಟ ಮತ್ತೆ ಶುರುವಾಯಿತು. ವ್ಯಾನಿನ ಕಡೆ ಹೋದವರಲ್ಲಿ ಕೆಲವರು ಮರಳಿ ಬಂದರು, ಕೆಲವರು ಬರಲಿಲ್ಲ. ಬಾರದವರ ಹೆಸರನ್ನು ಅವಳು ನನ್ನೆದುರಿಗೇ ಒಂದೊಂದಾಗಿ ಹೇಳುತ್ತಾಳೆ, ಕ್ಲಿಪ್ಪಿನ ಡಬ್ಬದಿಂದ ಒಂದೊಂದೇ ಕ್ಲಿಪ್ಪು ತೆಗೆದು ಹಗ್ಗಕ್ಕೆ ಸಿಕ್ಕಿಸುತ್ತ. ಆ ಡಬ್ಬವನ್ನು ಎಸೆಯಲು ಬಿಡುವುದಿಲ್ಲ. ಕಾರಿನ ಸೀಟು ಈಗ ಇದ್ದಲ್ಲೇ ಇರುತ್ತದೆ. ಕನ್ನಡಿಯೂ. ಭಾನುವಾರ ಅಕ್ಕತಂಗಿಯರೇ ಎಲ್ಲಿಗೋ ಹೋಗುತ್ತಾರೆ. ಎಲ್ಲಿಗೆ ಅಂತ ನಮಗೆ ಹೇಳುವುದಿಲ್ಲ.

ನಾವಿಬ್ಬರು ಗಂಡಂದಿರು ತಿರುಗಾಟಕ್ಕೂ ಕೆಲಸಕ್ಕೂ ಒಂದೇ ಬಸ್ಸು ಹತ್ತುತ್ತೇವೆ. ಒಂದೇ ಕಟ್ಟಡ, ಒಂದೇ ನಿಲ್ದಾಣ, ಏನು ಮಾಡುವುದು? ಇವತ್ತು ನನಗೆ ಸೀಟು ಸಿಕ್ಕಿತ್ತು. ಷಡ್ಡಕ ಬೇಕೆಂದೇ ಬಂದು ನನ್ನ ತಲೆಯ ಮೇಲೆ ನಿಂತ. ಅಷ್ಟರಲ್ಲಿ ಚಾವಣಿಯ ಸ್ಪೀಕರಿನಿಂದ ನಾನೇ ಉಲಿದೆ: "ದಯವಿಟ್ಟು ಹಿರಿಯರಿಗೆ ಆಸನ ಬಿಟ್ಟುಕೊಡಿ."

"ಯಾರೋ ಏನೋ ಹೇಳ್ತಿದಾರೆ," ಅಂದ ಷಡ್ಡಕ, ಕಿಟಕಿಗೆ. "ಹೇಳ್ತಿದಾರೆ ಅಂದೆ."

ಅಕ್ಕಪಕ್ಕದವರೆಲ್ಲ ನನ್ನನ್ನೇ ನೋಡತೊಡಗಿದರು. ಎದ್ದೆ. ಅವನು ಕೂತ. ಕೂತವನು ಸೀಟಿನಲ್ಲಿ ಹಿಂದಕ್ಕೆ ಜಾರಿ, ಆ ಉದ್ದನೆಯ ಕಾಲು ಚಾಚಿ, ನನ್ನ ಪಾದವಿದ್ದ ಜಾಗದಲ್ಲಿ ತನ್ನ ಬೂಟು ಇಟ್ಟ. ಹೊರಗೆ ಸಿಗ್ನಲ್ಲಿನಲ್ಲಿ ನಮ್ಮ ಬೂದು ಕಾರು ನಿಂತಿತ್ತು. ಹಸಿರು ಬಿತ್ತು. ಒಂದಿಷ್ಟೂ ನಡುಗದೆ ಅದು ಹೊರಟುಹೋಯಿತು. ಹೆಂಡತಿ ಬಸ್ಸಿನತ್ತ ನೋಡಲಿಲ್ಲ. ನಾನು ಮೇಲಿನ ಕಂಬಿ ಬಿಗಿಯಾಗಿ ಹಿಡಿದು, ಬಸ್ಸು ಕುಲುಕಿದ ನೆಪದಲ್ಲಿ, ಷಡ್ಡಕನ ಬೂಟಿನ ಮೇಲೆ ನನ್ನ ಪೂರ್ತಿ ಭಾರ ಬಿಟ್ಟೆ.