ಅಂಜೂರದ ಮರದ ಹಾಲ್ಟು

ಡಿವೊಟಾ ಬುಟ್ಟಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು ಮತ್ತೆ ಹೆಜ್ಜೆ ಹಾಕಿದಳು. ಹತ್ತೂಕಾಲಿಗೇ ಆಗಸ್ಟ್ ತಿಂಗಳ ಬಿಸಿಲು ನೆತ್ತಿ ಸುಡುತ್ತಿತ್ತು. ಅವಳ ಮನೆಯಿಂದ ಕೂಗಳತೆಯಲ್ಲೇ ಪಿಯಾನೆಲ್ಲು ಹಾಲ್ಟ್ ಇದೆ. ಅಲ್ಲಿ ನಿಂತು ಕೈ ಎತ್ತಿದರೆ ಬಾಸ್ತಿಯಾಗೆ ಹೋಗುವ ರೈಲು ನಿಲ್ಲುತ್ತದೆ. ಅದನ್ನು ಬಿಟ್ಟು ಈ ಐವತ್ತೆಂಟರ ಹೆಂಗಸು, ಮಂಡಿನೋವು ಕಟ್ಟಿಕೊಂಡು, ನಾಲ್ಕು ಕಿಲೋಮೀಟರ್ ಹಿಂದಕ್ಕೆ ಪೊಂತೆ ಲೆಚ್ಚಾದ ದೊಡ್ಡ ಸ್ಟೇಷನ್ನಿಗೆ ನಡೆಯುತ್ತಿದ್ದಳು. ಅಲ್ಲಿ ಎಲ್ಲ ರೈಲೂ ನಿಲ್ಲುತ್ತವೆ, ಯಾರೂ ಕೈ ಎತ್ತಬೇಕಾಗಿಲ್ಲ.

ಎಂಟು ಗಂಟೆಗೆ ಮಗಳು ಮಿಲೇನಾ ಬಾಸ್ತಿಯಾದಿಂದ ಫೋನು ಮಾಡಿದ್ದಳು.

"ಅಮ್ಮಾ, ನೋವು ಶುರುವಾಗಿದೆ. ಆಸ್ಪತ್ರೇಲಿದೀನಿ."

"ನಿನ್ನ ಗಂಡ ಎಲ್ಲಿ?"

"ಅವನ ಹಡಗು ಮಾರ್ಸೇ ಬಂದರಲ್ಲಿದೆ. ನಾಳೆ ಬರ್ತಾನಂತೆ. ನಂಗೆ ಹೆದರಿಕೆ ಆಗ್ತಿದೆ, ನೀನು ಬಂದ್ಬಿಡು."

ಕಾರಿದ್ದ ಪಕ್ಕದ ಮನೆಯವರು ಸಮುದ್ರಸ್ನಾನಕ್ಕೆ ಹೋಗಿದ್ದರು. ಹನ್ನೊಂದರ ರೈಲು ತಪ್ಪಿದರೆ ಮುಂದಿನದು ಸಂಜೆಗೆ. ಆದರೆ ಹನ್ನೊಂದರ ರೈಲನ್ನು ಓಡಿಸುವವನು ಸಾವೆರಿಯು, ಅವಳ ಸ್ವಂತ ತಮ್ಮ. ಅವನ ಮುಖ ನೋಡಿ ಮಾತಾಡಿ ಒಂಬತ್ತು ವರ್ಷವಾಗಿತ್ತು.

ಒಂಬತ್ತು ವರ್ಷದ ಹಿಂದೆ ಅವರ ತಾಯಿ ಬಾಸ್ತಿಯಾದಲ್ಲಿ ಸಾಯಲು ಮಲಗಿದ್ದಾಗ ಡಿವೊಟಾ ಇದೇ ಹನ್ನೊಂದರ ರೈಲಿಗೆಂದು ಹಾಲ್ಟ್‌ಗೆ ಓಡಿದ್ದಳು. ಇನ್ನು ಇಪ್ಪತ್ತು ಹೆಜ್ಜೆ ಇರುವಾಗ ಅಂಜೂರದ ಮರದ ಹತ್ತಿರ ಕೈ ಎತ್ತಿ ಕೂಗಿದಳು. ರೈಲು ನಿಲ್ಲದೆ ಹೋಯಿತು. ಸಾವೆರಿಯು ಬಾಸ್ತಿಯಾ ಮುಟ್ಟಿ, ಸಮವಸ್ತ್ರದಲ್ಲೇ ಆಸ್ಪತ್ರೆಗೆ ಓಡಿ, ತಾಯಿಯ ಕೈ ಹಿಡಿದು ಕೂತ. ಇವಳು ಸಂಜೆ ಹೋಗಿ ನೋಡಿದ್ದು ಹೆಣವನ್ನು. "ನೀನು ಕಾಣಿಸ್ಲಿಲ್ಲ ಅಕ್ಕ" ಎಂದು ಅವನು ಅತ್ತ. "ಕಾಣಿಸಿದ್ದೆ. ಗಡಿಯಾರ ನೋಡ್ಕೊಂಡು ಹೋದೆ. ಇನ್ನು ನಿನ್ನ ಗಾಡಿಗೆ ನಾನು ಕೈ ಎತ್ತಿದ್ರೆ ಕೇಳು" ಎಂದು ಅವಳು ಸ್ಮಶಾನದಲ್ಲಿ ಊರವರೆಲ್ಲರ ಮುಂದೆ ಹೇಳಿಬಿಟ್ಟಳು. ಆ ಬೆಟ್ಟದ ಊರುಗಳಲ್ಲಿ ಗೋರಿಯ ಮುಂದೆ ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದಿನಿಂದ ಹನ್ನೊಂದು ಹೊಡೆಯುವ ಹೊತ್ತಿಗೆ ಡಿವೊಟಾ ಹಳಿಯ ಕಡೆಯ ಕಿಟಕಿ ಮುಚ್ಚುತ್ತಿದ್ದಳು.

ಇವತ್ತು ಪ್ರಯತ್ನ ಮಾಡಲಿಲ್ಲವೆಂದಲ್ಲ. ಒಂಬತ್ತೂವರೆಗೆ ಹಾಲ್ಟ್‌ಗೆ ಹೋಗಿ, ಖಾಲಿ ಹಳಿಯ ಕಡೆ ಕೈ ಎತ್ತಿ ನೋಡಿದ್ದಳು. ಕೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ತನ್ನ ಮೇಲೆಯೇ ಸಿಟ್ಟು ಬಂದು, ಬುಟ್ಟಿ ಎತ್ತಿಕೊಂಡು ನಡೆಯತೊಡಗಿದ್ದಳು.

ಪೊಂತೆ ಲೆಚ್ಚಾ ತಲುಪಿದಾಗ ರೈಲು ಆಗಲೇ ಗುರುಗುಡುತ್ತಿತ್ತು. ಒಂದೇ ಸಮನೆ ಏದುಸಿರು ಬಿಡುತ್ತಾ ಹತ್ತಿದಳು. ಒಳಗೆ ಕಾಲಿಡಲು ಜಾಗವಿಲ್ಲ. ರಜೆಗೆ ಬಂದ ಜನ, ಅವರ ಚಾಪೆ, ಕೊಡೆ, ಗಾಳಿ ತುಂಬಿದ ಪ್ಲಾಸ್ಟಿಕ್ ಮೊಸಳೆ. ಖಾಲಿ ಇದ್ದದ್ದು ಎಲ್ಲಕ್ಕಿಂತ ಮುಂದಿನ ಸೀಟೊಂದೇ, ಚಾಲಕನ ಬೆನ್ನ ಹಿಂದಿನದು. ಸೆಕೆಗೆ ಅವನ ಕೋಣೆಯ ಬಾಗಿಲು ತೆರೆದಿತ್ತು. ಸಾವೆರಿಯುವಿನ ಕತ್ತಿನ ಹಿಂಭಾಗದ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನು ತಿರುಗಲಿಲ್ಲ. ಎದುರಿನ ಸಣ್ಣ ಕನ್ನಡಿಯಲ್ಲಿ ಇವಳನ್ನು ನೋಡಿದನೋ ಇಲ್ಲವೋ ತಿಳಿಯಲಿಲ್ಲ.

ಈ ಬೇಸಿಗೆಯಷ್ಟೇ ಕೆಲಸಕ್ಕೆ ಸೇರಿದ್ದ ಟಿಕೆಟ್ ಹುಡುಗಿ ಫ್ಲಾವಿಯಾ ಬಂದಳು.

"ಬುಟ್ಟೀಲಿ ಏನಕ್ಕಾ, ಇಷ್ಟು ಘಮ ಅಂತಿದೆ?"

"ಫಿಯಾದೋನೆ ಕೇಕು, ತಾಜಾ ಚೀಸಿಂದು. ಮಗಳಿಗೆ ಇಷ್ಟ. ಹೆರಿಗೆ ಆಸ್ಪತ್ರೇಲಿದಾಳೆ, ಒಬ್ಳೇ." ಅಷ್ಟು ಹೇಳುವುದರೊಳಗೆ ಅವಳು ಮೂರು ಸಲ ಫೋನು ನೋಡಿದ್ದಳು. "ಈ ಗಾಡಿ ಹೊತ್ತಿಗೆ ಸರಿಯಾಗಿ ಹೋಗುತ್ತೇನಮ್ಮಾ?"

"ಹೋಗುತ್ತೆ, ಒಂದೇ ಒಂದು ನಿಮಿಷ ತಡ." ಹುಡುಗಿ ದನಿ ತಗ್ಗಿಸುವ ಶಾಸ್ತ್ರ ಮಾಡಿದಳು. "ನಮ್ಮ ಡ್ರೈವರು ಚಿನ್ನದಂಥ ಮನುಷ್ಯ. ಆದ್ರೆ ಮುಂದೆ ಪಿಯಾನೆಲ್ಲು ಅಂತ ಒಂದು ಹಾಲ್ಟಿದೆ, ನರಪಿಳ್ಳೆ ಇರಲ್ಲ. ಅಲ್ಲಿ ದಿನಾ ಗಾಡಿನ ಎತ್ತಿನ ಬಂಡಿ ಮಾಡ್ತಾರೆ. ಆಫೀಸಿಂದ ಎರಡು ಸಲ ಕಾಗದ ಬಂತು. ಜಪ್ಪಯ್ಯ ಅಂದ್ರೂ ಕೇಳಲ್ಲ."

"ಯಾಕಂತೆ?"

"ಕೇಳ್ದೆ. ಯಾರಾದ್ರೂ ಓಡ್ಕೊಂಡು ಬರ್ತಿರಬಹುದು ಅಂದ್ರು."

ಡಿವೊಟಾ ಟಿಕೆಟನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಮುಂದಿನ ಗಾಜಿನಲ್ಲಿ ಹಳಿ ಎಡಕ್ಕೆ ತಿರುಗುತ್ತಿತ್ತು. ಈ ತಿರುವನ್ನು ಅವಳು ಇಲ್ಲಿಂದ ಎಂದೂ ನೋಡಿರಲಿಲ್ಲ. ಬಂಡೆ ಸರಿಯಿತು, ಅಂಜೂರದ ಮರ ಹಳಿಯ ಮೇಲೇ ಬಾಗಿದಂತೆ ಎದುರಾಯಿತು. ಅದರ ಹಿಂದೆ ತನ್ನ ಮನೆಯ ಕಾಲುದಾರಿ ಇರಬೇಕು. ಕುತ್ತಿಗೆ ಚಾಚಿ ಹುಡುಕಿದಳು. ಎಲೆ, ಬರೀ ಎಲೆ. ಮರ ಪಕ್ಕಕ್ಕೆ ಸರಿದು ದಾರಿ ಕಾಣುವ ಹೊತ್ತಿಗೆ ಪ್ಲಾಟ್‌ಫಾರ್ಮ್ ಅರ್ಧ ಹಿಂದೆ ಬಿದ್ದಿತ್ತು. ಅಲ್ಲಿ ಒಬ್ಬ ಹೆಂಗಸು ಕೈ ಎತ್ತಿ ಕೂಗಿದ್ದರೆ ಈ ಕುರ್ಚಿಯಲ್ಲಿ ಕೂತವನಿಗೆ ಅವಳ ಲಂಗದ ತುದಿಯೂ ಕಾಣುತ್ತಿರಲಿಲ್ಲ.

ಆದರೆ ರೈಲು ಅಂದಿನ ಹಾಗೆ ಆ ದಾರಿಯನ್ನು ಹಿಂದೆ ಬಿಟ್ಟು ಹೋಗಲಿಲ್ಲ. ಬ್ರೇಕು ಕಿರುಗುಟ್ಟಿತು, ಗಾಡಿ ನಡಿಗೆಯ ವೇಗಕ್ಕೆ ಇಳಿಯಿತು. ಸಾವೆರಿಯು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಮರದ ಹಿಂದಕ್ಕೆ, ಖಾಲಿ ದಾರಿಯ ತುದಿಯವರೆಗೂ ನೋಡಿದ. ಅಕ್ಕ ತನ್ನ ಬೆನ್ನ ಹಿಂದೆ ಕೂತಿರುವಾಗಲೂ ನೋಡಿದ. ಆಮೇಲೆ ಒಳಗೆ ಬಂದು ವೇಗ ಹೆಚ್ಚಿಸಿದ.

"ಕಂಡ್ರಾ?" ಎಂದಳು ಫ್ಲಾವಿಯಾ. "ನಾನು ಹೇಳ್ಲಿಲ್ವಾ?"

ಡಿವೊಟಾಳಿಗೆ ನಾಚಿಕೆಯಾಯಿತು. ಒಂಬತ್ತು ವರ್ಷ ಮುಚ್ಚಿದ ಕಿಟಕಿ ನೆನಪಾಯಿತು. ಅವನ ಭುಜ ಮುಟ್ಟಲು ಒಂದು ಮೊಳ ದೂರವೂ ಇರಲಿಲ್ಲ. ಬಾಸ್ತಿಯಾದವರೆಗೂ ಅವಳು ಸೀಟಿನಲ್ಲಿ ಹಿಂದೆ ಮುಂದೆ ಸರಿಯುತ್ತಲೇ ಇದ್ದಳು.

ರೈಲು ನಿಂತಾಗ ಫೋನು ಸದ್ದು ಮಾಡಿತು. ಮಗಳದು: "ಇನ್ನೂ ಆಗಿಲ್ಲ. ಎಲ್ಲಿದೀಯ?" ಪ್ಲಾಸ್ಟಿಕ್ ಮೊಸಳೆಯನ್ನು ತಳ್ಳಿಕೊಂಡು ಕೆಳಗಿಳಿದಳು. ಚಾಲಕನ ಕಿಟಕಿಯ ಕೆಳಗೆ ಹಾದುಹೋಗುವಾಗ ಮೇಲಿನಿಂದ ದನಿ ಬಂತು.

"ಅಕ್ಕ, ಎದುರಿಗಿರೋ ಬಸ್ಸು ಆಸ್ಪತ್ರೆಗೆ ಹೋಗುತ್ತೆ. ಬೇಗ ಹೋಗು."

ಅವಳು ತಲೆ ಎತ್ತಲಿಲ್ಲ. ಬುಟ್ಟಿ ಕಾಲಿಗೆ ಬಡಿಯುತ್ತಿದ್ದಂತೆ ಪ್ಲಾಟ್‌ಫಾರ್ಮಿನ ತುದಿಯವರೆಗೂ ಓಡಿದಳು. ಅಲ್ಲಿ ನಿಂತಳು. ಬುಟ್ಟಿಯನ್ನು ಕೆಳಗಿಟ್ಟಳು. ಪ್ರಯಾಣಿಕರೆಲ್ಲ ಇಳಿದು, ಎಂಜಿನ್ನೂ ಸುಮ್ಮನಾಗಿದ್ದ ಆ ರೈಲಿನ ಕಡೆಗೆ ತಿರುಗಿ, ಹಾಲ್ಟ್‌ನಲ್ಲಿ ನಿಂತವರ ಹಾಗೆ, ಬಲಗೈಯನ್ನು ನೇರವಾಗಿ ತಲೆಯ ಮೇಲೆ ಎತ್ತಿದಳು.

ಸಾವೆರಿಯು ಅವಳನ್ನು ಕಂಡು, ಆಗಲೇ ನಿಂತಿದ್ದ ಗಾಡಿಯ ಬ್ರೇಕಿನ ಮೇಲೆ ಕೈ ಇಟ್ಟ.